ಮಾರ್ಗರೆಟ್ ಊರಿನ ಕುಸ್ವಾರ್ ಅಲ್ಲ, ಮಂಗಳೂರಿನದು!

1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ತಂದರು. ರಾಮಾಚಾರಿಯ ಜೊತೆ ಮಾರ್ಗರೆಟ್ ಕೂಡ ಕನ್ನಡದ ಹುಡುಗರ ಎದೆಯಲ್ಲಿ ಕೂತುಬಿಟ್ಟಳು. 1975ರಲ್ಲಿ ಹಿಂದಿಯ ‘ಜೂಲಿ’ ಬಂತು. ಲಕ್ಷ್ಮಿಯನ್ನು ನೋಡೋಕೆ ಎಂಥಾ ನೂಕುನುಗ್ಗಲು! ಅಲ್ಲಿಂದ ಕ್ರೈಸ್ತರ ಮನೆ ಅಂದರೆ ಗೌನು, ಗಿಟಾರು, ಕೇಕು ಅನ್ನೋ ಚಿತ್ರ ಅಭಿಮಾನಿಗಳ ತಲೆಯಲ್ಲಿ ಗಟ್ಟಿಯಾಯಿತು.

ಆದರೆ ಮಿತ್ರರೇ, ಡಿಸೆಂಬರ್ ತಿಂಗಳಲ್ಲಿ ಅಂಥ ಮನೆಯ ಅಡುಗೆಮನೆ ಹೇಗಿರುತ್ತೆ ಗೊತ್ತಾ? ಅದನ್ನು ನೋಡಬೇಕಾದರೆ ಮಂಗಳೂರು ಬಸ್ಸು ಹತ್ತಬೇಕು.

ನಾನು ಹತ್ತಿದ್ದೆ. ಅಲ್ಲಿನ ಗೆಳೆಯನೊಬ್ಬನ ಮನೆ. ಹಬ್ಬಕ್ಕೆ ಇನ್ನೂ ಹತ್ತು ದಿನ. ಅವನ ತಾಯಿ, ಅಜ್ಜಿ, ತಂಗಿ, ಪಕ್ಕದ ಮನೆ ಹುಡುಗಿಯರು ಎಲ್ಲಾ ನೆಲದ ಮೇಲೆ ವೃತ್ತವಾಗಿ ಕೂತಿದ್ದಾರೆ. ನಡುವೆ ಹಿಟ್ಟಿನ ಗುಡ್ಡೆ!

“ತಿನ್ಲಿಕ್ಕೆ ಮಾತ್ರ ಬಂದದ್ದಾ ಮಗಾ? ಕೂತ್ಕೋ. ಕೈ ತೊಳ್ಕೊಂಡು ಬಾ ಮೊದ್ಲು” ಅಂದರು ಆ ತಾಯಿ. ಕೈಗೆ ಕೊಟ್ಟಿದ್ದು ಹೊಸ ಬಾಚಣಿಗೆ!

ತಲೆ ಬಾಚೋದಕ್ಕಲ್ಲ ಸ್ವಾಮಿ, ‘ಕಿಡಿಯೊ’ ಮಾಡೋದಕ್ಕೆ. ಕೊಂಕಣಿಯಲ್ಲಿ ಹಾಗಂದರೆ ಹುಳುಗಳು. ತೆಂಗಿನಹಾಲು ಹಾಕಿ ಕಲಸಿದ ಹಿಟ್ಟಿನ ಚಿಕ್ಕ ಉಂಡೆಯನ್ನು ಬಾಚಣಿಗೆ ಹಲ್ಲಿನ ಮೇಲೋ, ಫೋರ್ಕಿನ ಬೆನ್ನ ಮೇಲೋ ಒತ್ತಿ ಸುರುಳಿ ಸುತ್ತಬೇಕು. ಎಣ್ಣೆಯಲ್ಲಿ ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಒಂದು ತಿನ್ನೋಕೆ ಒಂದು ಕ್ಷಣ, ಡಬ್ಬಿ ತುಂಬ ಮಾಡೋಕೆ ಇಡೀ ಸಂಜೆ. ಅದಕ್ಕೇ ಇಷ್ಟು ಕೈ ಬೇಕು.

ನಮ್ಮ ಕರ್ಜಿಕಾಯಿಯಂಥ ನೆವ್ರಿ, ಚಕ್ಕುಲಿ, ರೋಸ್ ಕುಕ್ಕಿ... ಈ ತಿಂಡಿಗಳಿಗೆಲ್ಲಾ ಸೇರಿಸಿ ‘ಕುಸ್ವಾರ್’ ಅಂತ ಹೆಸರು. ರೋಸ್ ಕುಕ್ಕಿಯ ಕಬ್ಬಿಣದ ಅಚ್ಚನ್ನು ಮೊದಲು ಎಣ್ಣೆಯಲ್ಲೇ ಕಾಯಿಸಬೇಕು, ಹಿಟ್ಟಿಗೆ ಪೂರ್ತಿ ಮುಳುಗಿಸಬಾರದು. ಮುಳುಗಿಸಿದರೆ ಹೂವು ಅಚ್ಚನ್ನು ಬಿಟ್ಟು ಬರೋದೇ ಇಲ್ಲ! ಈ ಕೆಲಸ ಅಜ್ಜಿಯದು. ಬೇರೆ ಯಾರೂ ಅಚ್ಚು ಮುಟ್ಟುವ ಹಾಗಿಲ್ಲ.

ಹುಡುಗರ ಇಲಾಖೆ ಅಂಗಳದಲ್ಲಿ. ದೀಪಾವಳಿಗೆ ತುಳುನಾಡಿನ ಹುಡುಗರು ಬಿದಿರು ಸೀಳಿ, ಬಣ್ಣದ ಕಾಗದ ಅಂಟಿಸಿ ಗೂಡುದೀಪ ಮಾಡ್ತಾರಲ್ಲ, ಡಿಸೆಂಬರಿನಲ್ಲಿ ಅದೇ ಬಿದಿರು, ಅದೇ ಮೈದಾ ಅಂಟು ನಕ್ಷತ್ರವಾಗುತ್ತೆ. ಆಮೇಲೆ ಗೋದಲಿ. ತಟ್ಟೆಯಲ್ಲಿ ಮಣ್ಣು ಹಾಕಿ, ರಾಗಿಯನ್ನೋ ಭತ್ತವನ್ನೋ ಚೆಲ್ಲಿ ನೀರು ಚಿಮುಕಿಸಿದರೆ ಹಬ್ಬದ ಹೊತ್ತಿಗೆ ಹಸಿರು ಬಯಲು ಸಿದ್ಧ. ಯಾವ ಆರ್ಟ್ ಡೈರೆಕ್ಟರಿಗೆ ಕಡಿಮೆ ಹೇಳಿ? ಈ ‘ಸೆಟ್’ ಹಾಕೋ ಪದ್ಧತಿಗೆ ಸಂತ ಫ್ರಾನ್ಸಿಸ್‌ರ ಹೆಸರು ಹೇಳ್ತಾರೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಊರಿನಲ್ಲಿ ಅವರು ಹುಲ್ಲು ತುಂಬಿದ ಗೋದಲಿಯ ಪಕ್ಕ ನಿಜವಾದ ಎತ್ತು, ಕತ್ತೆ ನಿಲ್ಲಿಸಿ ಕ್ರಿಸ್ತ ಜನನದ ದೃಶ್ಯ ಕಟ್ಟಿಸಿದರು.

ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ನಕ್ಷತ್ರ ಸಿಗುತ್ತೆ. ಬೇಕರಿಯಲ್ಲಿ ಕುಸ್ವಾರ್ ಪೊಟ್ಟಣವೇ ಸಿಗುತ್ತೆ. “ಇಷ್ಟು ಕಷ್ಟ ಯಾಕಮ್ಮ, ತಂದುಬಿಡಬಹುದಲ್ಲ?” ಅಂತ ಕೇಳಿದೆ.

ಆ ತಾಯಿ ಹಿಟ್ಟು ನಾದುತ್ತಲೇ ಹೇಳಿದರು: “ತಿಂಡಿ ತರಬಹುದು ಮಾರಾಯಾ. ದೊಡ್ಡವನು ದುಬೈಯಲ್ಲಿ ಉಂಟು. ಮೂರು ಕ್ರಿಸ್ಮಸ್ ಆಯ್ತು ಬಾರದೆ. ಇವಳೂ ಬರುವ ವರ್ಷ ಕೆಲಸಕ್ಕೆ ಬೆಂಗಳೂರಿಗೆ. ಮತ್ತೆ ನಾನು ಕೂತ್ಕೊಳ್ಳುವುದು ಯಾರೊಟ್ಟಿಗೆ?”

ಯಾರೂ ಮಾತಾಡಲಿಲ್ಲ. ಅಜ್ಜಿ ಮಾತ್ರ ಒಂದು ಡಬ್ಬಿ ಎಳೆದು, ಅದರಲ್ಲಿ ಕಿಡಿಯೊ ತುಂಬಿ, ಮುಚ್ಚಳ ಬಿಗಿ ಮಾಡಿ ಪಕ್ಕಕ್ಕಿಟ್ಟಳು. ಅದು ದುಬೈಗೆ ಹೋಗೋ ಡಬ್ಬಿ. ಉಳಿದದ್ದು ತಟ್ಟೆಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ. ಅಲ್ಲಿ ಜಾತಿ, ಮತ ಕೇಳೋರಿಲ್ಲ.

ಹಬ್ಬದ ದಿನ ಬೆಳಿಗ್ಗೆ ಬಸ್ಸಿಳಿದು, ತಿಂದು, ಮ್ಯಾಟಿನಿಗೆ ಓಡೋ ಹುಡುಗರು ನಾವು. ಸಂಕ್ರಾಂತಿಗೆ ಅಮ್ಮ ಎಳ್ಳು ಬೀರೋಕೆ ಕೊಬ್ಬರಿ, ಬೆಲ್ಲ ಹೆಚ್ಚೋದು ಅದಕ್ಕೂ ಮುಂಚೆ ಅಲ್ವೇ? ಈ ಸಲ ಎರಡು ದಿನ ಮೊದಲೇ ಊರಿಗೆ ಹೋಗಿ, ಪಕ್ಕದಲ್ಲಿ ಕೂತು ಒಂದು ಚಾಕು ಹಿಡಿಯಿರಿ. ಸಿನಿಮಾ ಎಲ್ಲೂ ಓಡಿಹೋಗೋಲ್ಲ. ಏನಂತೀರಿ?