ನಿದ್ದೆಗೆಡುವುದು ಸತ್ಯವ್ರತವಲ್ಲ

ಕಾಶಿಯಾತ್ರೆ ಮುಗಿಸಿ ಬಂದ ನಮ್ಮವರಲ್ಲಿ ಹರಿಶ್ಚಂದ್ರ ಘಾಟಿನ ಮಾತೆತ್ತದವರು ಕಡಿಮೆ. ಅದಕ್ಕೆ ಕಾರಣವೂ ಉಂಟು. ದಕ್ಷಿಣದವರು ಹೆಚ್ಚಾಗಿ ಇಳಿದುಕೊಳ್ಳುವುದು ಕೇದಾರ ಘಾಟ್, ಹನುಮಾನ್ ಘಾಟ್‌ಗಳ ಆಸುಪಾಸಿನಲ್ಲಿ. ಹರಿಶ್ಚಂದ್ರ ಘಾಟ್ ಇವೆರಡರ ನಡುವೆ ಇದೆ. ಅದಕ್ಕೆ ಅಂಟಿಕೊಂಡೇ ನಮ್ಮ ಕರ್ನಾಟಕ ಘಾಟ್. ಅಲ್ಲಿ ಹಗಲಿರುಳೆನ್ನದೆ ಚಿತೆ ಉರಿಯುತ್ತದೆ. ಯಾತ್ರಿಕರು ಕೈಮುಗಿದು, "ಇಷ್ಟೇ ನೋಡಿ ಬಾಳು" ಎಂದು ಒಂದು ಗಳಿಗೆ ಸ್ಮಶಾನ ವೈರಾಗ್ಯ ತಾಳಿ, ಬಿಡಾರಕ್ಕೆ ಬಂದು ಸುಖವಾಗಿ ನಿದ್ದೆ ಮಾಡುತ್ತಾರೆ. ಆ ಬೆಂಕಿಯನ್ನು ರಾತ್ರಿಯಿಡೀ ಕೆದಕುತ್ತ ನಿಂತವನು ಯಾವಾಗ ಮಲಗುತ್ತಾನೆ ಎಂದು ಕೇಳಿದವರನ್ನು ಮಾತ್ರ ನಾವು ಕಂಡಿಲ್ಲ.

ಹದಿಮೂರನೆಯ ಶತಮಾನದ ನಮ್ಮ ರಾಘವಾಂಕನ ಕಾವ್ಯದಲ್ಲಿ ಹರಿಶ್ಚಂದ್ರ ವೀರಬಾಹುವಿಗೆ ತನ್ನನ್ನು ಮಾರಿಕೊಂಡು ಸುಡುಗಾಡು ಕಾಯುತ್ತಾನೆ. ಅವನನ್ನು ಕೊಂಡವನು ತಮ್ಮ ಪೂರ್ವಜ ಕಲ್ಲೂ ಡೋಮ ಎಂದು ಕಾಶಿಯ ಡೋಮರು ಹೇಳಿಕೊಳ್ಳುತ್ತಾರೆ. ಯಾರ ಮಾತನ್ನು ಹಿಡಿದರೂ ರಾಜ ರಾತ್ರಿಪಾಳಿಯ ಕಾವಲುಗಾರನೇ. ಆದರೆ ಕಥೆಯ ಕಾವಲಿಗೆ ಒಂದು ಕೊನೆಯಿತ್ತು. ಪರೀಕ್ಷೆ ಮುಗಿಯಿತು, ರಾಜ್ಯ ಮರಳಿತು. ಇಂದು ಅದೇ ಘಾಟಿನಲ್ಲಿ ದುಡಿಯುವವನ ಬಳಿಗೆ ಯಾವ ವಿಶ್ವಾಮಿತ್ರನೂ ಬಂದು "ಸಾಕು, ಎದ್ದು ಹೋಗು" ಎನ್ನುವುದಿಲ್ಲ.

ಕಟ್ಟಿಗೆಯ ಒಂದು ಚಿತೆ ಪೂರ್ತಿ ಉರಿಯಲು ಮೂರು ಗಂಟೆಯಾದರೂ ಬೇಕು. ಅಷ್ಟು ಹೊತ್ತೂ ಬಿದಿರ ಗಳು ಹಿಡಿದು ಹೊಗೆ, ಝಳಗಳ ನಡುವೆ ನಿಂತಿರಬೇಕು. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತದೆ. 1980ರ ದಶಕದಲ್ಲಿ ಗಂಗಾ ಶುದ್ಧೀಕರಣದ ಯೋಜನೆಯಲ್ಲಿ ಇಲ್ಲಿ ವಿದ್ಯುತ್ ಚಿತಾಗಾರ ಬಂತು, ಕಟ್ಟಿಗೆ ನಿಲ್ಲಲಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಕೊರೋನಾ ಶವಗಳು ಸರದಿ ನಿಂತದ್ದನ್ನು ದೇಶವೇ ನೋಡಿತು. ಡೋಮ ಕುಟುಂಬಗಳಲ್ಲಿ 'ಪಾರಿ' ಎಂಬ ಪದ್ಧತಿಯಿದೆ. ನಮ್ಮ 'ಪಾಳಿ'ಯ ನೆನಪು ತರುವ ಮಾತು. ಆದರೆ ಅದು ಘಾಟಿನ ಆದಾಯ ಯಾವ ದಿನ ಯಾರಿಗೆ ಎಂಬುದರ ಲೆಕ್ಕ. ನಿದ್ದೆ ಯಾರಿಗೆ ಎಷ್ಟು ಎಂಬ ಲೆಕ್ಕ ಅದರಲ್ಲಿಲ್ಲ.

ಕಾಶಿಯ ಮಾತು ನಮಗೇಕೆ ಎನ್ನುವವರು ತಮ್ಮ ಮನೆಯನ್ನೇ ನೋಡಿಕೊಳ್ಳಲಿ. ಊರು ಬಿಟ್ಟು ಬಂದ ಕನ್ನಡಿಗ ಈ ಮಹಾನಗರಗಳಲ್ಲಿ ನೆಲೆ ಕಂಡದ್ದೇ ಹೊತ್ತಲ್ಲದ ಹೊತ್ತಿನ ದುಡಿಮೆಯಿಂದ. ಮುಂಬಯಿಯ ಗಿರಣಿಗಳ ಮೂರನೆಯ ಪಾಳಿ, ನಡುರಾತ್ರಿ ಬಾಗಿಲು ಹಾಕಿ ನಸುಕಿಗೆ ಒಲೆ ಹೊತ್ತಿಸುವ ಹೋಟೆಲು, ಹಗಲೆಲ್ಲ ದುಡಿದ ಹುಡುಗರು ಕಲಿತ ಕನ್ನಡ ರಾತ್ರಿಶಾಲೆ — ಇವೆಲ್ಲ ನಮ್ಮ ಹೆಮ್ಮೆಯ ಕಥೆಗಳು. ಇಂದು ನಮ್ಮ ಮನೆಗಳಲ್ಲಿ ಆಸ್ಪತ್ರೆಯ ನರ್ಸ್ ಇದ್ದಾಳೆ, ಕಾಲ್ ಸೆಂಟರಿನ ಹುಡುಗನಿದ್ದಾನೆ, ರೈಲ್ವೆ ನೌಕರನಿದ್ದಾನೆ, ಸೆಕ್ಯುರಿಟಿ ಗಾರ್ಡ್ ಇದ್ದಾನೆ. ಸಂಘದ ವೇದಿಕೆಯಲ್ಲಿ "ನಿದ್ದೆಗೆಟ್ಟು ಮೇಲೆ ಬಂದವರು" ಎಂದು ಶಾಲು ಹೊದಿಸುತ್ತೇವೆ. ನಿದ್ದೆಗೆಟ್ಟು ಕೆಳಗೆ ಬಿದ್ದವರಿಗೆ ಹೊದಿಸಲು ನಮ್ಮಲ್ಲಿ ಶಾಲಿಲ್ಲ.

"ದೇಹಕ್ಕೆ ಎಲ್ಲವೂ ಅಭ್ಯಾಸವಾಗುತ್ತದೆ" ಎಂಬುದು ಮೊದಲನೆಯ ಆಕ್ಷೇಪಣೆ. ಆಗುವುದಿಲ್ಲ. ದೇಹದೊಳಗೊಂದು ಗಡಿಯಾರವಿದೆ, ಅದರ ಯಂತ್ರವನ್ನು ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂತು. ಅದಕ್ಕೆ ಕೀಲಿ ಕೊಡುವುದು ಸೂರ್ಯನ ಬೆಳಕು. ರಾತ್ರಿ ದುಡಿದವನು ಬೆಳಗಿನ ಬಿಸಿಲಲ್ಲಿ ಮನೆಗೆ ನಡೆದರೆ ಗಡಿಯಾರ ಮತ್ತೆ ಹಗಲಿಗೇ ಹೊಂದಿಕೊಳ್ಳುತ್ತದೆ. ಹಾಗಾಗಿ ವರ್ಷಗಟ್ಟಲೆ ರಾತ್ರಿಪಾಳಿ ಮಾಡಿದವರಿಗೂ ಹಗಲು ನಿದ್ದೆ ಮೊಟಕಾಗಿಯೇ ಇರುತ್ತದೆ. ಇದರ ಬೆಲೆ ಸಣ್ಣದಲ್ಲ. ಹೊಟ್ಟೆಯ ತೊಂದರೆ, ಸಕ್ಕರೆ ಕಾಯಿಲೆ, ಹೃದ್ರೋಗಗಳ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿಯೂ ಮತ್ತೆ 2019ರಲ್ಲಿಯೂ ರಾತ್ರಿಪಾಳಿಯನ್ನು ಬಹುಶಃ ಕ್ಯಾನ್ಸರ್ ತರಬಲ್ಲ ಕೆಲಸಗಳ ಪಟ್ಟಿಗೆ ಸೇರಿಸಿತು. 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಪ್ರಯೋಗವೊಂದರ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವನ ಕೈ, ಬುದ್ಧಿಗಳ ಚುರುಕು 100 ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವನ ಮಟ್ಟಕ್ಕೆ ಇಳಿಯುತ್ತದೆ. ನಮ್ಮ ದೇಶದಲ್ಲಿ 30 ಮಿಲಿಗ್ರಾಂ ಮೀರಿ ವಾಹನ ಓಡಿಸಿದವನಿಗೆ ದಂಡ. ಕುಡಿದವನಿಗೆ ದಂಡ, ನಿದ್ದೆಗೆಟ್ಟವನಿಗೆ ಓವರ್‌ಟೈಮ್! ಇದು ಯಾವ ನ್ಯಾಯ?

ಎರಡನೆಯದು ಹಿರಿಯರ ಆಕ್ಷೇಪಣೆ: "ಹಗಲು ಮಲಗಬಾರದು, ಶಾಸ್ತ್ರವಿರುದ್ಧ." ಯಾವ ಶಾಸ್ತ್ರ? ಆಹಾರ, ನಿದ್ರೆ, ಬ್ರಹ್ಮಚರ್ಯ ಎಂಬ ಮೂರು ಆಧಾರಸ್ತಂಭಗಳಲ್ಲಿ ನಿದ್ರೆಯನ್ನು ನಿಲ್ಲಿಸಿದ ಚರಕಸಂಹಿತೆಯೇ ಹಗಲು ನಿದ್ದೆ ಯಾರಿಗೆ ಹಿತವೆಂದು ಹೇಳುವಲ್ಲಿ ಜಾಗರಣೆಯಿಂದ ಬಳಲಿದವರನ್ನು ಸೇರಿಸಿದೆ. ಚರಕನಿಗಿದ್ದ ಕನಿಕರ ನಮ್ಮ ಅತ್ತೆಮಾವಂದಿರಿಗೆ ಬೇಡವೆ? ಗಂಡು ರಾತ್ರಿಪಾಳಿ ಮುಗಿಸಿ ಬಂದರೆ "ಸದ್ದು ಮಾಡಬೇಡಿ" ಎನ್ನುತ್ತೇವೆ. ಸೊಸೆ ಬಂದರೆ ಒಲೆಯ ಮುಂದೆ ನಿಲ್ಲಿಸುತ್ತೇವೆ. ಅವಳದು ಎರಡು ಪಾಳಿ. ನಿದ್ದೆ ಅರ್ಧ ಪಾಳಿಯದೂ ಇಲ್ಲ.

ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಬೇರೆ ನಮ್ಮ ಬಾಯಲ್ಲಿದೆ. ನಿದ್ದೆ ಬಾರದಿದ್ದರೆ ಮಲಗಿದವನ ಮನಸ್ಸೇ ಸರಿಯಿಲ್ಲವೆಂದು ತೀರ್ಪು. ಕುಕ್ಕರಿನ ಸೀಟಿ, ಟಿ.ವಿ., ಬಾಗಿಲ ಗಂಟೆ, ಬೀದಿಯ ಧ್ವನಿವರ್ಧಕ — ಸಂತೆಯನ್ನು ಮನೆಯೊಳಗೇ ತಂದಿಟ್ಟು, ಅವನಿಗೆ ಚಿಂತೆ ಹೆಚ್ಚೆಂದರೆ ಹೇಗೆ?

"ಸಾವು ಹೊತ್ತು ನೋಡಿ ಬರುತ್ತದೆಯೆ? ರಾತ್ರಿ ಯಾರಾದರೂ ದುಡಿಯಲೇಬೇಕಲ್ಲ?" ಈ ಕೊನೆಯ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಹೆರಿಗೆಯೂ ಹೊತ್ತು ನೋಡುವುದಿಲ್ಲ, ರೈಲೂ ನಿಲ್ಲುವುದಿಲ್ಲ. ದುಡಿಯಲೇಬೇಕೆಂದ ಮೇಲೆ ಹೇಗೆ ದುಡಿಸಬೇಕೆಂಬುದೇ ಪ್ರಶ್ನೆ. 1948ರ ಕಾರ್ಖಾನೆ ಕಾಯ್ದೆ ಬರೆದವರೇ, ಪಾಳಿ ನಡುರಾತ್ರಿ ದಾಟಿದರೆ ವಾರದ ರಜೆಯನ್ನು ಪಾಳಿ ಮುಗಿದಲ್ಲಿಂದ ಪೂರಾ 24 ಗಂಟೆ ಎಣಿಸಬೇಕೆಂದು ವಿಧಿಸಿದ್ದರು. 1990ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ರಾತ್ರಿಕೆಲಸದ ಒಡಂಬಡಿಕೆ ಉಚಿತ ಆರೋಗ್ಯ ತಪಾಸಣೆ ಬೇಕೆಂದಿತು. 2023ರಲ್ಲಿ ನಮ್ಮ ಕರ್ನಾಟಕವೇ ಕಾಯ್ದೆ ತಿದ್ದಿ ದಿನಕ್ಕೆ 12 ಗಂಟೆಯ ದುಡಿಮೆಗೆ ದಾರಿ ಮಾಡಿತು. ಗಡಿಯಾರ ಹಿಂದಕ್ಕೆ ತಿರುಗಿದ್ದು ಹೀಗೆ.

ಮಾಲೀಕರನ್ನು ಕೇಳಬೇಕಾದದ್ದು ಇಷ್ಟು: ಪಾಳಿ ಬದಲಾಗುವಾಗ ಬೆಳಗು, ಸಂಜೆ, ರಾತ್ರಿ ಎಂಬ ಕ್ರಮವಿರಲಿ, ತಿರುಗುಮುರುಗು ಬೇಡ, ಎರಡು ಪಾಳಿಗಳ ನಡುವೆ 11 ಗಂಟೆಯಾದರೂ ಬಿಡುವಿರಲಿ, ಒಂದೇ ಸಮನೆ ಮೂರಕ್ಕಿಂತ ಹೆಚ್ಚು ರಾತ್ರಿ ಬೇಡ, ರಾತ್ರಿಯ ನಡುವೆ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದವನನ್ನು ಸೋಮಾರಿ ಎನ್ನಬೇಡಿ. ದುಡಿಯುವವರು ಪಾಳಿಯ ಕೊನೆಯ ಹೊತ್ತಿನ ಚಹಾ ಕಾಫಿ ಬಿಡಲಿ, ಮನೆಗೆ ಬಂದೊಡನೆ ಮಲಗಲಿ, ಕಿಟಕಿಗೆ ದಪ್ಪ ಕಪ್ಪು ಪರದೆ ಹಾಕಲಿ. ಒಂದೇ ಕೋಣೆಯ ಮನೆಯಲ್ಲಿ ಕಣ್ಣಿಗೊಂದು ಬಟ್ಟೆ, ಕಿವಿಗೆ ಹತ್ತಿಯಾದರೂ ಆಗಲಿ.

ನಮ್ಮ ಸಂಘಕ್ಕೂ ಒಂದು ಮಾತು. ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ಬೆಳಗಿನಿಂದಲೇ ಧ್ವನಿವರ್ಧಕ ಹಚ್ಚುವ ನಾವು ಕನ್ನಡವನ್ನು ಯಾರ ಕಿವಿಗೆ ತುಂಬುತ್ತಿದ್ದೇವೆ? ಆಗಷ್ಟೇ ಪಾಳಿ ಮುಗಿಸಿ ಮಲಗಿದ ಕನ್ನಡಿಗನ ಕಿವಿಗೆ. ಮಧ್ಯಾಹ್ನ ಮೂರರವರೆಗೆ ಸಂಘದ ಯಾವ ಕಾರ್ಯಕ್ರಮಕ್ಕೂ ಬೀದಿಗೆ ಧ್ವನಿವರ್ಧಕ ಬೇಡವೆಂದು ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲೇ ಠರಾವು ಆಗಲಿ. ಅದಕ್ಕೆ ಹಣ ಬೇಕಿಲ್ಲ, ಸರಕಾರದ ಅಪ್ಪಣೆ ಬೇಕಿಲ್ಲ. ಪಕ್ಕದ ಮನೆಯಲ್ಲಿ ಒಬ್ಬರು ಮಲಗಿದ್ದಾರೆಂಬ ಅರಿವಿದ್ದರೆ ಸಾಕು.