ಕಿವಿ ಕೈಕೊಟ್ಟ ವರ್ಷದ ಪ್ಲೇಟುಗಳು

ವರ್ಷದ ಕೊನೆಯಲ್ಲಿ, ಆ ವರ್ಷ ನನ್ನ ಮನಸ್ಸಿಗೆ ಹಿಡಿಸಿದ ಗ್ರಾಮಫೋನ್ ಪ್ಲೇಟುಗಳನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಅಂಕಣದ ವಾಡಿಕೆ. ಅವು ಆ ವರ್ಷವೇ ಹೊರಬಂದವಾಗಿರಬೇಕೆಂಬ ನಿಯಮವನ್ನು ನಾನೆಂದೂ ಪಾಲಿಸಿದವನಲ್ಲ. ನನ್ನ ಪೆಟ್ಟಿಗೆಯ ಮೇಲೆ ಯಾವುವು ಹೆಚ್ಚು ಸಲ ತಿರುಗಿದುವೋ ಅವೇ ನನ್ನ ಪಾಲಿಗೆ ಆ ವರ್ಷದವು. ಲೋಕದ ಹಾಡೆಲ್ಲ ಅಂಗೈಯಗಲದ ಮೊಬೈಲಿನೊಳಗೆ ಸೇರಿಹೋಗಿರುವ ಈ ಕಾಲದಲ್ಲಿ ಇನ್ನೂ ಪ್ಲೇಟು ಒರೆಸಿ, ಮುಳ್ಳಿಟ್ಟು ಕೇಳುವ ಮುದುಕನನ್ನು ವಾಚಕ ಮಹಾಶಯರು ಇಷ್ಟು ವರ್ಷ ಸಹಿಸಿಕೊಂಡು ಬಂದಿದ್ದಾರೆ. ಆ ಸಹನೆಯನ್ನು ನೆಚ್ಚಿ ಈ ಸಲ ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುತ್ತೇನೆ.

ಯುಗಾದಿಯ ಮಾರನೆಯ ದಿನ ಊಟಕ್ಕೆ ಕುಳಿತಿದ್ದೆ. ನಮ್ಮಾಕೆ ಸೌಟು ಹಿಡಿದು ನಿಂತು, “ಸಾರು ಸಾಕೆ?” ಎಂದಳು. ನನಗೆ ಕೇಳಿಸಿದ್ದು “ಯಾರು, ಯಾಕೆ?” ಎಂದು. ಹೊರಗೆ ಯಾರೋ ಬಂದಿರಬೇಕೆಂದು ಎಡಗೈಯಿಂದ ಪಂಚೆ ಸರಿಮಾಡಿಕೊಂಡು ಎದ್ದು ಬಾಗಿಲಿಗೆ ಹೋದೆ. ಮೊಮ್ಮಗ ನಕ್ಕ, ಸೊಸೆ ಸೆರಗು ಮುಚ್ಚಿಕೊಂಡು ನಕ್ಕಳು. ನಮ್ಮಾಕೆ ನಗಲಿಲ್ಲ. “ಇದು ಈವತ್ತಿನದಲ್ಲ ರೀ, ಎರಡು ವರ್ಷದಿಂದ ನೋಡುತ್ತಿದ್ದೇನೆ, ಡಾಕ್ಟರಿಗೆ ತೋರಿಸಿ” ಎಂದಳು.

ತೋರಿಸಿದೆ. ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಲ್ಲಿ ಕೂಡಿಸಿ, ಕಿವಿಗೆ ಎರಡು ಬಟ್ಟಲು ಮುಚ್ಚಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಬಹಳ ಹೊತ್ತು ಒತ್ತುವ ಪ್ರಸಂಗವೇ ಬರಲಿಲ್ಲ. ಯಂತ್ರ ಕೆಟ್ಟಿರಬಹುದೆಂದು ಆ ಹುಡುಗಿಗೆ ಹೇಳಿಯೂ ಹೇಳಿದೆ. ಆಮೇಲೆ ಡಾಕ್ಟರು ಕಾಗದದ ಮೇಲಿನ ಗೆರೆಯನ್ನು ತೋರಿಸಿದರು. ಸ್ವಲ್ಪ ದೂರ ಮಟ್ಟಸವಾಗಿ ಬಂದು, ಆಮೇಲೆ ನಂದಿಬೆಟ್ಟದ ಟಿಪ್ಪು ಡ್ರಾಪಿನಂತೆ ಒಮ್ಮೆಗೇ ಕೆಳಗೆ ಬೀಳುತ್ತಿತ್ತು. ಎಳೆಯ ಕಿವಿ ಸೆಕೆಂಡಿಗೆ ಸುಮಾರು 20 ಕಂಪನದಿಂದ 20,000 ಕಂಪನದವರೆಗಿನ ನಾದವನ್ನು ಹಿಡಿಯಬಲ್ಲುದಂತೆ. ವಯಸ್ಸಾದಂತೆ ಮೇಲಿನ ತುದಿ ಮೊದಲು ಸವೆಯುತ್ತದೆ. ಒಳಗಿವಿಯಲ್ಲಿರುವ ಕೂದಲಿನಂಥ ಸೂಕ್ಷ್ಮ ಕಣಗಳು ಸತ್ತರೆ ಮನುಷ್ಯನಲ್ಲಿ ಮರಳಿ ಬೆಳೆಯುವುದಿಲ್ಲ. ನನ್ನ ಕಿವಿ 2,000ದ ಮೇಲೆ ಕುಂಟುತ್ತದೆ, 4,000ದ ಮೇಲೆ ಮಲಗಿಯೇ ಬಿಟ್ಟಿದೆ. ಅ, ಆ, ಓ ಮೊದಲಾದುವುಗಳ ಬಲವೆಲ್ಲ ಕೆಳಗಿನ ಕಂಪನಗಳಲ್ಲಿರುವುದು. ಸಕಾರ ಶಕಾರಗಳ ಗುರುತು ಇರುವುದು ಮೇಲೆ. ಎಂದರೆ ನನಗೆ ಸ್ವರ ಕೇಳಿಸುತ್ತದೆ, ವ್ಯಂಜನ ಕೇಳಿಸುವುದಿಲ್ಲ. ಸಂಗೀತದ ಹುಚ್ಚಿನವನಿಗೆ ಇದು ಅರ್ಧ ಸಮಾಧಾನದ ಮಾತೆಂದು ಡಾಕ್ಟರು ಭಾವಿಸಿದಂತೆ ತೋರಿತು.

ಮನೆಗೆ ಬಂದವನೇ ನನ್ನ ಪ್ಲೇಟುಗಳನ್ನು ಒಂದೊಂದಾಗಿ ಹಾಕಿ ಪರೀಕ್ಷೆಗೆ ತೊಡಗಿದೆ. ಪ್ಲೇಟುಗಳ ಪರೀಕ್ಷೆಯಲ್ಲ, ನನ್ನದೇ. ಯಾವುದರಲ್ಲಿ ಎಷ್ಟು ಉಳಿದಿದೆ, ಎಷ್ಟು ಹೋಗಿದೆ? ಈ ವರ್ಷದ ಆಯ್ಕೆಯೆಲ್ಲ ಹೀಗೆ ಆದದ್ದು.

ಮೊದಲ ಆಶ್ಚರ್ಯ ಗೌಹರ್ ಜಾನಳಿಂದ ಬಂತು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಎಂಬಾತನ ಮುಂದೆ ಹಾಡಿದ ಹೆಂಗಸು ಈಕೆ. ಮೈಕು ಎಂಬುದು ಆಗ ಇಲ್ಲ. ದೊಡ್ಡ ತುತ್ತೂರಿಯೊಳಕ್ಕೆ ಮುಖವಿಟ್ಟು ಎತ್ತರದ ದನಿಯಲ್ಲಿ ಹಾಡಬೇಕು. ಆ ಉಸಿರಿನ ಬಲದಿಂದಲೇ ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಗಂಟೆಗಟ್ಟಲೆ ಬೆಳೆಯುವ ಗಾಯನವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಚೀಟಿ ಅಂಟಿಸಲು ಗುರುತು ಬೇಕಿತ್ತು. ಈಕೆ ಕಡೆಗಾಲದಲ್ಲಿ ನಮ್ಮ ಮೈಸೂರಿಗೇ ಬಂದಳು. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ವಿದುಷಿಯಾಗಿ ನೇಮಕಗೊಂಡು, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡಳು.

ಮೈಸೂರಿನ ಮಿತ್ರರೊಬ್ಬರು ಎರವಲು ಕೊಟ್ಟ ಆಕೆಯ ಪ್ಲೇಟೊಂದನ್ನು ಹಾಕಿದಾಗ ಹನ್ನೆರಡು ವರ್ಷದ ಮೊಮ್ಮಗ ಪಕ್ಕದಲ್ಲಿದ್ದ. “ತಾತ, ಇದೇನು, ಕಡಲೆಕಾಯಿ ಹುರಿದ ಹಾಗೆ ಬರೀ ಕರಕರ!” ಎಂದು ಕಿವಿ ಮುಚ್ಚಿಕೊಂಡ. ನನಗೆ ಆ ಕರಕರ ಕೇಳಿಸಲೇ ಇಲ್ಲ. ಆ ಕಾಲದ ತುತ್ತೂರಿ ಎರಡು, ಎರಡೂವರೆ ಸಾವಿರ ಕಂಪನದ ಮೇಲಿನದನ್ನು ಬಹುಮಟ್ಟಿಗೆ ಹಿಡಿಯುತ್ತಲೇ ಇರಲಿಲ್ಲ. ಅಲ್ಲಿಂದ ಮೇಲೆ ಆ ಪ್ಲೇಟಿನಲ್ಲಿ ಇರುವುದು ಅರಗಿನ ಸವೆತದ ಸದ್ದು ಮಾತ್ರ. ಹುಡುಗನ ಎಳೆಯ ಕಿವಿಗೆ ಗೌಹರಳೂ ಸಿಕ್ಕಳು, ಕರಕರವೂ ಸಿಕ್ಕಿತು. ನನಗೆ ಗೌಹರಳು ಮಾತ್ರ. ನಲವತ್ತು ವರ್ಷದಿಂದ ಆಗಾಗ ಕೇಳುತ್ತಿರುವ ಪ್ಲೇಟು ಅದು. ತಾನದ ಒಂದೊಂದು ಸ್ವರವೂ ಮಣಿ ಪೋಣಿಸಿದಂತೆ ಬಂದದ್ದು ಇದೇ ಮೊದಲು. ಮೂರು ಸಲ ಹಾಕಿದೆ. ಹುಡುಗ ಎದ್ದುಹೋದ.

1925ರ ಮೇಲೆ ಮೈಕು, ವಿದ್ಯುತ್ತು ಬಂದು ಮುದ್ರಣದ ಬಾಗಿಲು ಅಗಲವಾಯಿತು. ನನ್ನ ಎರಡನೆಯ ಪ್ಲೇಟು ಅಬ್ದುಲ್ ಕರೀಂ ಖಾನರದು. ಅವರ ಝಿಂಝೋಟಿ ಠುಮರಿಯ ಪ್ಲೇಟನ್ನು ಕೇಳಿಯೇ ಗದಗಿನ ಬಾಲಕ ಭೀಮಸೇನ ಮರುಳಾಗಿ, 1933ರಲ್ಲಿ ಹನ್ನೊಂದರ ವಯಸ್ಸಿಗೇ ಗುರುವನ್ನು ಹುಡುಕಿ ಮನೆ ಬಿಟ್ಟನೆಂಬುದು ಎಲ್ಲರೂ ಬಲ್ಲ ಕಥೆ. ಭೀಮಸೇನ ಜೋಶಿಯವರೇ ಅದನ್ನು ಹೇಳಿಕೊಂಡಿದ್ದರು. ನಾನು ಮತ್ತೆ ಮತ್ತೆ ಕೇಳಿದ್ದು ಆ ಠುಮರಿಯನ್ನಲ್ಲ, ಖಾನರು ಹಾಡಿದ ತ್ಯಾಗರಾಜರ ಖರಹರಪ್ರಿಯದ ಕೃತಿಯನ್ನು. ಉಚ್ಚಾರ ನಮ್ಮ ಸಭೆಗಳಿಗೆ ಒಗ್ಗುವುದಲ್ಲ. ಮಡಿವಂತ ಮಿತ್ರರೊಬ್ಬರು ಅದನ್ನು ಕೇಳಿ ತಲೆಯ ಮೇಲೆ ಕೈಹೊತ್ತುಕೊಂಡಿದ್ದುಂಟು. ಈಗ ನನಗೆ ಯಾರ ಉಚ್ಚಾರವೂ ಸರಿಯಾಗಿ ತಿಳಿಯದಾದುದರಿಂದ ಆ ಜಗಳ ನನ್ನ ಮಟ್ಟಿಗೆ ಇತ್ಯರ್ಥವಾಯಿತು. ಷಡ್ಜದ ಮೇಲೆ ನಿಂತಾಗ ಆ ಸಣ್ಣ ದನಿ ಎಣ್ಣೆಯ ದೀಪದ ಕುಡಿಯಂತೆ ಅಲುಗದೆ ನಿಲ್ಲುತ್ತದೆ, ಅಷ್ಟು ಸಾಕು.

ಖಾನರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್. ಇವರದೇ ಎರಡು ಧ್ವನಿಮುದ್ರಿಕೆಗಳನ್ನು ಈ ವರ್ಷ ಪಕ್ಕಪಕ್ಕದಲ್ಲಿಟ್ಟು ಕೇಳಿದೆ. ಒಂದು 1930ರ ದಶಕದ 78ರ ಪ್ಲೇಟು, ಇನ್ನೊಂದು ಎಷ್ಟೋ ವರ್ಷದ ಮೇಲಿನ ಲಾಂಗ್ ಪ್ಲೇ. ತಿಳಿಯದವರು ಇಬ್ಬರು ಬೇರೆ ಬೇರೆ ಗಾಯಕಿಯರೆಂದೇ ಆಣೆಯಿಟ್ಟು ಹೇಳಿಯಾರು. ಮೊದಲಿನದು ತೆಳುವಾದ, ಏರಿನ ಹೆಣ್ಣುದನಿ. ಆಮೇಲೆ ಗಂಟಲಿನ ವ್ಯಾಧಿ ಬಂತು, ಟಾನ್ಸಿಲ್ ಶಸ್ತ್ರಕ್ರಿಯೆಯಾಯಿತು, ದನಿ ತಗ್ಗಿ ಗಡುಸಾಯಿತು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಪಾಠ ಕಲಿತ ಆಕೆಗೆ ಆಗ ಏನೆನಿಸಿರಬೇಕು! ಹಾಡುವವಳ ದನಿ ಬದಲಾಗುವುದೆಂದರೆ ಸಣ್ಣ ಮಾತಲ್ಲ. ಆಕೆ ಹೋದ ದನಿಯನ್ನು ಅನುಕರಿಸಲು ಹೋಗಲಿಲ್ಲ. ಉಳಿದುದನ್ನೇ ಹಿಡಿದು ಹಾಡಿದರು. ಇಂದು ಗಂಗೂಬಾಯಿ ಎಂದೊಡನೆ ನಾಡಿಗೆ ನೆನಪಾಗುವುದು ಆ ಎರಡನೆಯ ಕಂಠವೇ. 1913ರಲ್ಲಿ ಹುಟ್ಟಿ 2009ರವರೆಗೆ ಬಾಳಿದ ಅವರ ಆ ಲಾಂಗ್ ಪ್ಲೇಯನ್ನು ನಾನು ಈ ವರ್ಷ ಎಷ್ಟು ಸಲ ಕೇಳಿದೆನೆಂದು ಲೆಕ್ಕವಿಟ್ಟಿಲ್ಲ. ಲೆಕ್ಕ ನಮ್ಮಾಕೆಯ ಬಳಿ ಇದೆ.

ಅಮೀರ್ ಖಾನರ ಲಾಂಗ್ ಪ್ಲೇ, ಒಂದು ಮಗ್ಗುಲು ಮಾರ್ವಾ, ಇನ್ನೊಂದು ದರ್ಬಾರಿ, 1960ರದು. ಅದರಲ್ಲಿ ನನಗೆ ನಷ್ಟವೇನೂ ಆಗಿಲ್ಲ. ಮಂದ್ರದಲ್ಲಿ ಆನೆಯಂತೆ ನಡೆಯುವ ದನಿಗೆ ನನ್ನ ಕಿವಿಯೇ ಸಾಕು.

ನಷ್ಟವಾದದ್ದು ಬೇರೆ ಕಡೆ. 1967ರಲ್ಲಿ ಶಿವಕುಮಾರ ಶರ್ಮ, ಹರಿಪ್ರಸಾದ ಚೌರಾಸಿಯಾ, ಬ್ರಿಜ್‌ಭೂಷಣ ಕಾಬ್ರಾ ಈ ಮೂವರು ಕೂಡಿ ಕಾಶ್ಮೀರದ ಕುರುಬನೊಬ್ಬನ ಒಂದು ದಿನವನ್ನು ರಾಗಗಳಲ್ಲಿ ಹೇಳಿದ ‘ಕಾಲ್ ಆಫ್ ದಿ ವ್ಯಾಲಿ’ ಎಂಬ ಲಾಂಗ್ ಪ್ಲೇ ಅನೇಕರ ಮನೆಗಳಲ್ಲಿದೆ. ನಮ್ಮ ಮದುವೆಗೆ ಉಡುಗೊರೆಯಾಗಿ ಬಂದ ಪ್ರತಿ ನಮ್ಮ ಮನೆಯಲ್ಲಿದೆ. ಕೊಳಲು ಬಂತು, ಗಿಟಾರು ಬಂತು. ಸಂತೂರು ಬರಲಿಲ್ಲ. ಬಂದದ್ದು ಮಣೆಯ ಮೇಲೆ ಕಡ್ಡಿ ಆಡಿಸಿದ ಸದ್ದು. ಆ ಕಿಣಿಕಿಣಿ, ನೀರು ಚಿಮ್ಮಿದಂಥ ಆ ಮಿನುಗು ಇಲ್ಲ. ನಮ್ಮಾಕೆ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು. ನಾನು ಆಕೆಯ ಮುಖ ನೋಡಿ, ಮಿನುಗು ಬಂದಿರಬೇಕೆಂದು ಊಹಿಸಿದೆ. ತಂಬೂರಿಯೂ ಹಾಗೆಯೇ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ಒಂದು ಎಳೆ ದಾರದಿಂದ ಹುಟ್ಟುವ ಜೀವಾಳಿ, ಅದೇ ಶ್ರುತಿಯ ಪ್ರಾಣ. ನನಗೆ ದಾರ ಕಳಚಿದ ತಂಬೂರಿ ಮಾತ್ರ ಉಳಿದಿತ್ತು, ಉಳಿದಿತ್ತೆಂಬುದೂ ನನಗೆ ತಿಳಿದಿರಲಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಸಂತೂರಲ್ಲ. ಕಳೆದ ವರ್ಷ ಇದೇ ಪುಟದಲ್ಲಿ ನಾನು ಒಬ್ಬ ತರುಣ ಗಾಯಕಿಯ ದಾಸರ ಪದಗಳ ಧ್ವನಿಮುದ್ರಿಕೆಯನ್ನು ಕುರಿತು ಬರೆದಿದ್ದೆ. ಹೆಸರು ಹೇಳಿರಲಿಲ್ಲ, ಆದರೆ ತಿಳಿಯುವವರಿಗೆ ತಿಳಿಯುವಂತೆ ಬರೆದಿದ್ದೆ. “ಕಂಠದಲ್ಲಿ ಹೊಳಪಿಲ್ಲ, ಸಾಹಿತ್ಯ ಸ್ಫುಟವಿಲ್ಲ, ಶ್ರುತಿ ಮಂಕು” ಎಂದು ಮೂರು ತೀರ್ಪು. ದಾವಣಗೆರೆಯ ವಾಚಕರೊಬ್ಬರು, “ಮತ್ತೊಮ್ಮೆ ಕೇಳಿ ಸ್ವಾಮಿ” ಎಂದು ಕಾಗದ ಬರೆದರು. ನಾನು ಹಿರಿಯನ ಗತ್ತಿನಲ್ಲಿ ಅದನ್ನು ಬದಿಗಿಟ್ಟೆ. ಹೊಳಪು, ಸ್ಫುಟತೆ, ಶ್ರುತಿಯ ಜೀವ ಮೂರೂ ಟಿಪ್ಪು ಡ್ರಾಪಿನ ಆಚೆಗಿರುವ ಸಂಗತಿಗಳೆಂಬುದು ಆಗ ಎಲ್ಲಿ ಗೊತ್ತಿತ್ತು?

ಕಿವಿಯ ಯಂತ್ರವನ್ನು ಆವರೆಗೆ ಬೇಡವೆನ್ನುತ್ತಿದ್ದವನು ಆ ವಾರವೇ ಹೋಗಿ ಹಾಕಿಸಿಕೊಂಡೆ. ಬೆಲೆಯ ಮಾತು ಎತ್ತುವುದಿಲ್ಲ. ಆ ದುಡ್ಡಿನಲ್ಲಿ ಹಿಂದೆ ಒಂದು ಬೀರು ತುಂಬ ಪ್ಲೇಟು ಬರುತ್ತಿದ್ದುವು. ಮೊದಲ ದಿನ ಪತ್ರಿಕೆ ಮಡಿಚಿದರೆ ಸೋಗೆಗೆ ಬೆಂಕಿ ಬಿದ್ದಂತಾಯಿತು. ಅಡಿಗೆಮನೆಯಲ್ಲಿ ಒಗ್ಗರಣೆಯ ಸಾಸಿವೆ ಸಿಡಿದದ್ದು ಪಡಸಾಲೆಗೆ ಕೇಳಿಸಿತು. ಆದರೆ ಸಂಗೀತಕ್ಕೆ ಅದು ಒಗ್ಗಲಿಲ್ಲ. ಇವುಗಳನ್ನು ಮುಖ್ಯವಾಗಿ ಮಾತಿಗೆಂದು ಹದ ಮಾಡಿರುತ್ತಾರೆ: ಮೆಲುದನಿಯನ್ನು ಎತ್ತುತ್ತದೆ, ಏರುದನಿಯನ್ನು ಅದುಮುತ್ತದೆ. ಕೊಳಲಿನ ದೀರ್ಘ ಪಂಚಮವನ್ನು ತನ್ನದೇ ಸಿಳ್ಳೆಂದು ತಪ್ಪು ತಿಳಿದು ಅಳಿಸಲು ಹೋಗಿ ಸ್ವರವನ್ನು ನಡುಗಿಸಿಬಿಡುತ್ತದೆ. ದೂರಿದ ಮೇಲೆ ಅಂಗಡಿಯ ಹುಡುಗ ಸಂಗೀತಕ್ಕೆಂದೇ ಬೇರೊಂದು ಏರ್ಪಾಡು ಮಾಡಿಕೊಟ್ಟ. ಗುಂಡಿಯೊತ್ತಿದರೆ ಯಂತ್ರ ತನ್ನ ಜಾಣತನವನ್ನೆಲ್ಲ ಬದಿಗಿಟ್ಟು ಸುಮ್ಮನೆ ಕೇಳಿಸುತ್ತದೆ.

ಆ ಏರ್ಪಾಡಿನಲ್ಲಿ ಮೊದಲು ಕೇಳಿದ್ದು ಕಾಳಿಂಗರಾಯರನ್ನು, ಸೋಹನಕುಮಾರಿ ಮೋಹನಕುಮಾರಿಯರೊಡನೆ. ಕನ್ನಡದ ಕವಿತೆಯನ್ನು ಪುಸ್ತಕದಿಂದ ಎತ್ತಿ ಬೀದಿಗೆ ತಂದ ಆ ಪುಣ್ಯಾತ್ಮನ ಒಂದೊಂದು ಅಕ್ಷರವೂ ಅಂಚು ಕತ್ತರಿಸಿದಂತೆ ಬಂತು. ಪದಗಳು ನನಗೆ ಬಾಯಿಗೆ ಬರುವುದರಿಂದ ಇಷ್ಟು ದಿನ ಕೇಳುತ್ತಿದ್ದೇನೆಂದು ಭ್ರಮಿಸಿದ್ದೆ. ನೆನಪೇ ಕಿವಿಯ ಕೆಲಸ ಮಾಡುತ್ತಿತ್ತು. ಹೊಸ ಹಾಡಿಗೆ ಆ ಸಹಾಯವಿಲ್ಲ.

ಅನಂತರ ಆ ಹುಡುಗಿಯ ಪ್ಲೇಟನ್ನು ಹಾಕಿದೆ. ತಂಬೂರಿ ಜೇನುಗೂಡಿನಂತೆ ಮೊರೆಯಿತು. ಕಂಠ ಹೊಳೆಯಿತು. ಸಾಹಿತ್ಯ ನೀರಿನ ತಳದ ಕಲ್ಲಿನಂತೆ ಕಂಡಿತು. ನಾನು ಮಂಕೆಂದು ಬರೆದ ಜಾಗವೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಆಕೆಗೆ ಕಾಗದ ಬರೆದೆ, ನಡೆದುದನ್ನು ನಡೆದಂತೆ. ಹದಿನೈದು ದಿನದ ಮೇಲೆ ಉತ್ತರ ಬಂತು. ಬಯ್ಗುಳವಿದ್ದಿದ್ದರೆ ನೆಮ್ಮದಿಯಿತ್ತು. ನನ್ನ ಬರಹವನ್ನು ಓದಿದಂದಿನಿಂದ ಅಕ್ಷರ ಸ್ಫುಟವಾಗಲೆಂದು ಪ್ರತಿ ಕಚೇರಿಯಲ್ಲೂ ಒತ್ತಿ ಒತ್ತಿ ಹಾಡುತ್ತಿದ್ದಳಂತೆ. ಗುರುಗಳು, “ಯಾಕಮ್ಮ, ಗಂಟಲಿಗೆ ಇಷ್ಟು ಹಿಂಸೆ?” ಎಂದು ಕೇಳಿದ್ದರಂತೆ. “ಇನ್ನು ಮೊದಲಿನಂತೆಯೇ ಹಾಡುತ್ತೇನೆ” ಎಂದು ಬರೆದಿದ್ದಾಳೆ. ಒಂದು ವರ್ಷ ಒಬ್ಬಳು ಹುಡುಗಿ ನನ್ನ ಕಿವಿಯ ದೋಷವನ್ನು ತನ್ನ ಕಂಠದಲ್ಲಿ ಹೊತ್ತು ತಿರುಗಿದ್ದಾಳೆ.

ಈ ವರ್ಷದ ಮೊದಲ ಸ್ಥಾನ ಆ ಪ್ಲೇಟಿಗೆ. ಇದನ್ನು ಪ್ರಾಯಶ್ಚಿತ್ತಕ್ಕೆಂದು ಕೊಟ್ಟದ್ದೆಂದು ಯಾರೂ ತಿಳಿಯಬಾರದು. ಯಂತ್ರ ಹಾಕಿ ಏಳು ಸಲ ಕೇಳಿ ಬರೆಯುತ್ತಿದ್ದೇನೆ. ಮೂರನೆಯ ಪದದ ಕೊನೆಯಲ್ಲಿ ಮಾತ್ರ ಲಯ ಒಂದಿಷ್ಟು ಓಡುತ್ತದೆ. ಇದು ನನ್ನ ಕಿವಿಯ ದೋಷವಲ್ಲ. ಮೊಮ್ಮಗನನ್ನೂ ಕೂಡಿಸಿ, ತಾಳ ಹಾಕಿಸಿ ನೋಡಿದೆ.