ಮೆಡಿಸಿನ್ ಸಿಗದವರ ಪಾಲಿಗಷ್ಟೇ ವಾಣಿಜ್ಯವೇ?

ಹೇಸ್, ಅಕ್ಸ್‌ಬ್ರಿಜ್, ಸೌತಾಲ್ ಸುತ್ತಮುತ್ತಲಿನ ನಮ್ಮ ಕನ್ನಡ ಮನೆಗಳಲ್ಲಿ ಎ ಲೆವೆಲ್ ಓದುವ ಮಕ್ಕಳ ವಿಷಯ ಬಂದೊಡನೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಮೆಡಿಸಿನ್ ಆಗದಿದ್ದರೆ ಇದ್ದೇ ಇದೆಯಲ್ಲ, ಬಿಸಿನೆಸ್.” ಬಂಧುಗಳೇ, ನನ್ನ ತಕರಾರು ಈ “ಇದ್ದೇ ಇದೆಯಲ್ಲ” ಎಂಬುದರ ಮೇಲೆ. ಹೀಗೆನ್ನುವವರಲ್ಲಿ ಹೆಚ್ಚಿನವರು ನನ್ನಂತೆಯೇ ಎಂಬಿಬಿಎಸ್ ಓದಿದವರು. ಆದುದರಿಂದ ಇದನ್ನು ಮನೆಯೊಳಗಿನ ಜಗಳವೆಂದೇ ತಿಳಿಯಿರಿ.

ವೈದ್ಯಕೀಯಕ್ಕೆಂದು ಹೊರಟ ಮಗುವಿನ ಸಿದ್ಧತೆಯನ್ನು ಗಮನಿಸಿ. ಯುಕ್ಯಾಟ್ ಪರೀಕ್ಷೆಗೆ ತರಬೇತಿ, ವೃದ್ಧಾಶ್ರಮದಲ್ಲಿ ಸ್ವಯಂಸೇವೆ, ಪರಿಚಿತ ವೈದ್ಯರಿಂದ ಅಣಕು ಸಂದರ್ಶನ, ಅಕ್ಟೋಬರ್ 15ರ ಗಡುವಿಗೆ ತಿಂಗಳುಗಳ ಮೊದಲೇ ಕರಡು ಅರ್ಜಿ. ಅದೇ ಮನೆಯ ಎರಡನೆಯ ಮಗು ವಾಣಿಜ್ಯ ಓದುತ್ತೇನೆಂದರೆ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಆಗಸ್ಟ್‌ನಲ್ಲಿ ಫಲಿತಾಂಶ ಬಂದ ದಿನ ಕ್ಲಿಯರಿಂಗ್‌ನಲ್ಲಿ ಯಾವ ವಿಶ್ವವಿದ್ಯಾಲಯ ಮೊದಲು ಕರೆ ಸ್ವೀಕರಿಸಿತೋ ಅದೇ ಗತಿ! ಹೀಗೆ ಆರಿಸಿದ ಕೋರ್ಸು ಕೈಹಿಡಿಯದಿದ್ದಾಗ “ಬಿಸಿನೆಸ್ ಓದಿದರೆ ಇಷ್ಟೇ” ಎಂದು ವಿಷಯವನ್ನೇ ದೂರುತ್ತೇವೆ.

ಇದರ ಬೆಲೆ ಸಣ್ಣದಲ್ಲ. 2025–26ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು ಸ್ಥಳೀಯ ವಿದ್ಯಾರ್ಥಿಗಳಿಗೆ ವಿಧಿಸಬಹುದಾದ ಗರಿಷ್ಠ ವಾರ್ಷಿಕ ಶುಲ್ಕ 9,535 ಪೌಂಡ್. ಶುಲ್ಕ ಏರದೆ ಇದ್ದರೂ ಮೂರು ವರ್ಷಕ್ಕೆ 28,605 ಪೌಂಡ್. ಅದರ ಮೇಲೆ ಜೀವನವೆಚ್ಚದ ಸಾಲ. 2023ರ ಆಗಸ್ಟ್‌ನಿಂದೀಚೆಗೆ ಪದವಿಗೆ ಸೇರಿದವರು ವರ್ಷಕ್ಕೆ 25,000 ಪೌಂಡ್ ಮೀರಿದ ಗಳಿಕೆಯ 9% ಅನ್ನು ಸಾಲ ತೀರುವವರೆಗೆ, ಇಲ್ಲವೆ 40 ವರ್ಷಗಳವರೆಗೆ ಕಟ್ಟಬೇಕು. ಹದಿನೆಂಟರ ಒಂದು ಮಧ್ಯಾಹ್ನದ ನಿರ್ಧಾರಕ್ಕೆ ಅರವತ್ತರವರೆಗೆ ಕಂತು.

ವಾಣಿಜ್ಯವನ್ನು ಕೀಳಾಗಿ ಕಾಣುವ ಹಕ್ಕು ಕನ್ನಡಿಗರಿಗೆ ಎಲ್ಲಿಂದ ಬಂತೋ ನಾನರಿಯೆ. ಮಣಿಪಾಲದಲ್ಲಿ ಓದಿ ಈ ದೇಶಕ್ಕೆ ಬಂದ ನನ್ನ ವೈದ್ಯಮಿತ್ರರು ಆ ಕಾಲೇಜಿನ ಸ್ಥಾಪಕರನ್ನು ನೆನೆಯಲಿ. ಡಾ. ಟಿ.ಎಂ.ಎ. ಪೈ ಅವರು ವೈದ್ಯರು. ಆದರೂ 1925ರಲ್ಲಿ ಅಣ್ಣ ಉಪೇಂದ್ರ ಪೈ ಮತ್ತು ವಾಮನ ಕುಡ್ವರೊಡನೆ ಉಡುಪಿಯಲ್ಲಿ ಅವರು ಕಟ್ಟಿದ್ದು ಒಂದು ಬ್ಯಾಂಕನ್ನು. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಮನೆಬಾಗಿಲಿಗೆ ಏಜೆಂಟರನ್ನು ಕಳುಹಿಸಿ ದಿನಕ್ಕೆ ಎರಡಾಣೆಯನ್ನೂ ಉಳಿತಾಯವಾಗಿಸಿತು. ಕಸ್ತೂರ್ಬಾ ಮೆಡಿಕಲ್ ಕಾಲೇಜು ಬಂದದ್ದು 1953ರಲ್ಲಿ. ಲೆಕ್ಕ ಮೊದಲು, ಸ್ಟೆತಾಸ್ಕೋಪು ಆಮೇಲೆ. ಇನ್ನು, ಥೇಮ್ಸ್ ತೀರದ ಲ್ಯಾಂಬೆತ್‌ನಲ್ಲಿ ನಾವು ಹೆಮ್ಮೆಯಿಂದ ಫೋಟೋ ತೆಗೆಸಿಕೊಳ್ಳುವ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು ಎಂಬುದನ್ನೂ ಮರೆಯುವುದೇಕೆ?

ನಮ್ಮ ಹೇಸ್‌ನ ಉದಾಹರಣೆಯೇ ಸಾಕು. 2025ರ ಮಾರ್ಚ್‌ನಲ್ಲಿ ಇಲ್ಲಿನ ನಾರ್ತ್ ಹೈಡ್ ವಿದ್ಯುತ್ ಉಪಕೇಂದ್ರಕ್ಕೆ ಬೆಂಕಿ ಬಿದ್ದು ಹೀಥ್ರೂ ವಿಮಾನ ನಿಲ್ದಾಣವು 21ರಂದು ಹೆಚ್ಚುಕಡಿಮೆ ಇಡೀ ದಿನ ಮುಚ್ಚಿತು. ಟ್ರಾನ್ಸ್‌ಫಾರ್ಮರಿನ ಒಂದು ಭಾಗದಲ್ಲಿ ತೇವಾಂಶ ಹೆಚ್ಚಿದ್ದುದು 2018ರಲ್ಲಿಯೇ ಪರೀಕ್ಷೆಯಲ್ಲಿ ಕಂಡಿದ್ದರೂ ತಕ್ಕ ಕ್ರಮ ನಡೆಯಲಿಲ್ಲವೆಂದು ತನಿಖೆ ತಿಳಿಸಿತು. ದೋಷವನ್ನು ಕಂಡುಹಿಡಿಯುವ ವಿಜ್ಞಾನ ಅಲ್ಲಿತ್ತು. ಕಂಡದ್ದನ್ನು ಯಾರು, ಯಾವಾಗ, ಯಾವ ಹಣದಿಂದ ಸರಿಪಡಿಸಬೇಕೆಂಬ ವ್ಯವಸ್ಥೆ ಸೋತಿತ್ತು. ಆ ವ್ಯವಸ್ಥೆಯನ್ನು ಅಭ್ಯಾಸಮಾಡುವ ಶಾಸ್ತ್ರಕ್ಕೇ ನಾವು “ಬರೀ ಬಿಸಿನೆಸ್” ಎನ್ನುವುದು.

“ಆದರೂ ಡಾಕ್ಟರ್ ಕೆಲಸಕ್ಕೆ ಭದ್ರತೆಯಿದೆ” ಎಂಬ ವಾದವೊಂದು ಉಳಿಯುತ್ತದೆ. 2025ರಲ್ಲಿ ತಜ್ಞ ತರಬೇತಿಯ ಸುಮಾರು 10,000 ಸ್ಥಾನಗಳಿಗೆ 30,000ಕ್ಕೂ ಹೆಚ್ಚು ವೈದ್ಯರು ಅರ್ಜಿ ಹಾಕಿದ್ದರು. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಹಾಗೆಂದು ಬಿಸಿನೆಸ್ ಎಂಬ ಹೆಸರಿರುವ ಕೋರ್ಸುಗಳೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ, ಕಷ್ಟವಿರುವುದೇ ಅಲ್ಲಿ. ಎಕನಾಮಿಕ್ಸ್, ಅಕೌಂಟಿಂಗ್ ಅಂಡ್ ಫೈನಾನ್ಸ್, ಬಿಸಿನೆಸ್ ಮ್ಯಾನೇಜ್‌ಮೆಂಟ್ ಇವು ಮೂರೂ ಬೇರೆ ಬೇರೆ ದಾರಿಗಳು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅರ್ಥಶಾಸ್ತ್ರ ಪದವಿಗೆ ಎ ಲೆವೆಲ್ ಗಣಿತ ಕಡ್ಡಾಯ. ಹದಿನಾರರಲ್ಲಿ ಗಣಿತವನ್ನು ಕೈಬಿಟ್ಟ ಮಗುವಿಗೆ ಅಂಥ ಬಾಗಿಲುಗಳು ಅಂದೇ ಮುಚ್ಚುತ್ತವೆ. ಹದಿನೆಂಟರಲ್ಲಿ ತಟ್ಟಿ ಫಲವಿಲ್ಲ. ಲೆಕ್ಕಪರಿಶೋಧನೆಯತ್ತ ಒಲವಿದ್ದರೆ, ಆರಿಸುವ ಪದವಿಯಿಂದ ವೃತ್ತಿಪರೀಕ್ಷೆಗಳಲ್ಲಿ ಎಷ್ಟು ವಿನಾಯಿತಿ ಸಿಗುತ್ತದೆಂದು ಮೊದಲೇ ವಿಚಾರಿಸಬೇಕು. ಎಸಿಸಿಎಯ 13 ಪತ್ರಿಕೆಗಳಲ್ಲಿ 9ರವರೆಗೆ ವಿನಾಯಿತಿ ಕೊಡಿಸುವ ಪದವಿಗಳಿವೆ. ಹೆಸರಿನಲ್ಲಿ ಅವುಗಳಂತೆಯೇ ಕಂಡರೂ ಅಷ್ಟು ಕೊಡಿಸದವೂ ಇವೆ.

ಪ್ಲೇಸ್‌ಮೆಂಟ್ ವರ್ಷವನ್ನು ನಮ್ಮವರು “ಒಂದು ವರ್ಷ ದಂಡ” ಎನ್ನುತ್ತಾರೆ. ನಾನು ಇದನ್ನು ಒಪ್ಪಲಾರೆ. ಹೌಸ್‌ಮನ್‌ಶಿಪ್ ಇಲ್ಲದ ಎಂಬಿಬಿಎಸ್ಸನ್ನು ನಾವು ಒಪ್ಪುತ್ತೇವೆಯೇ? ಇಲ್ಲಿಂದ ಬಸ್ಸಿನ ದೂರದಲ್ಲಿರುವ ಬ್ರೂನೆಲ್‌ನಲ್ಲಿಯೇ ನಡುವೆ ಒಂದು ವರ್ಷ ಕಂಪನಿಯಲ್ಲಿ ದುಡಿಯುವ ನಾಲ್ಕು ವರ್ಷದ ಪದವಿಗಳಿವೆ. ಆ ವರ್ಷದ ಶುಲ್ಕವು ಸಾಮಾನ್ಯ ಶುಲ್ಕದ 20% ಮೀರುವಂತಿಲ್ಲ.

ಡಿಗ್ರಿ ಅಪ್ರೆಂಟಿಸ್‌ಶಿಪ್ ಎಂದರಂತೂ ನಮಗೆ ಐಟಿಐ ನೆನಪಾಗಿ ಮುಖ ಸಿಂಡರಿಸುತ್ತದೆ. ಸಂಬಳ ಪಡೆಯುತ್ತ, ಶಿಕ್ಷಣ ಶುಲ್ಕದ ಒಂದು ಪೌಂಡೂ ಸಾಲವಿಲ್ಲದೆ ಪದವಿ ಮುಗಿಸುವ ದಾರಿ ಅದು. ಪೈಪೋಟಿ ವಿಪರೀತ, ನಿಜ. ಆದರೆ ಪೈಪೋಟಿಗೆ ಹೆದರುವವರು ಮೆಡಿಸಿನ್ ಕಡೆಗೆ ಮಕ್ಕಳನ್ನು ನೂಕುತ್ತಿರಲಿಲ್ಲ.

ಕಡೆಯದಾಗಿ ಒಂದು ಎಚ್ಚರಿಕೆ. ಬಿಸಿನೆಸ್ ಪದವಿಗಳ ಹೆಸರಿನಲ್ಲಿ ಈಗ ಫ್ರಾಂಚೈಸ್ ಕಾಲೇಜುಗಳು ಬಂದಿವೆ: ಪದವಿಪತ್ರ ಒಂದು ವಿಶ್ವವಿದ್ಯಾಲಯದ್ದು, ಪಾಠ ಹೇಳುವುದು ಇನ್ನೊಂದು ಸಂಸ್ಥೆ. ಇವೆಲ್ಲವೂ ಕೆಟ್ಟವೆಂದಲ್ಲ. ಆದರೆ ಇಂತಹ ವ್ಯವಸ್ಥೆಯಲ್ಲಿ ವಿದ್ಯಾರ್ಥಿ ಸಾಲದ ದುರುಪಯೋಗದ ಬಗ್ಗೆ 2024ರ ಜನವರಿಯಲ್ಲಿ ನ್ಯಾಷನಲ್ ಆಡಿಟ್ ಆಫೀಸ್ ವರದಿಯನ್ನೇ ಪ್ರಕಟಿಸಿತು. ಆದುದರಿಂದ ಓಪನ್ ಡೇಗೆ ಹೋದಾಗ ಕಟ್ಟಡದ ಅಂದವನ್ನು ನೋಡಿ ಮರಳಬೇಡಿ. ಪಾಠ ಮಾಡುವವರು ಯಾರು? ಕಳೆದ ವರ್ಷ ಎಷ್ಟು ಮಂದಿಗೆ ಪ್ಲೇಸ್‌ಮೆಂಟ್ ದೊರೆಯಿತು, ಯಾವ ಕಂಪನಿಗಳಲ್ಲಿ? ಮೊದಲ ವರ್ಷದಲ್ಲಿಯೇ ಬಿಟ್ಟುಹೋದವರೆಷ್ಟು? ಈ ಪ್ರಶ್ನೆಗಳನ್ನು ನೀವಲ್ಲ, ನಿಮ್ಮ ಮಗನೋ ಮಗಳೋ ಕೇಳಲಿ. ನೀವು ಪಕ್ಕದಲ್ಲಿ ಸುಮ್ಮನೆ ನಿಂತಿರಿ.